ಮಳೆಯ ಜೊತೆಗಾರರು: ಹೋಪಿ ಜನರ ಕತ್ಸಿನರು ಯಾರು, ಏಕೆ ಬರುತ್ತಾರೆ?

ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಅಮೆರಿಕದ ಅರಿಝೋನಾ ರಾಜ್ಯಕ್ಕೆ ಹೋಗುವ ಕನ್ನಡಿಗರು ಈಗ ಅಪರೂಪವಲ್ಲ. ದಾರಿಯಲ್ಲಿ ಸಿಗುವ ಫ್ಲ್ಯಾಗ್‌ಸ್ಟಾಫ್, ಸೆಡೋನಾ ಪಟ್ಟಣಗಳ ಅಂಗಡಿಗಳಲ್ಲಿ ಮರದಲ್ಲಿ ಕೆತ್ತಿ ಬಣ್ಣ ಬಳಿದ, ಗರಿ ಸಿಕ್ಕಿಸಿದ ಬೊಂಬೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಚೀಟಿಯ ಮೇಲೆ 'ಕಚಿನಾ' ಎಂದಿರುತ್ತದೆ. ಚೆನ್ನಾಗಿದೆಯೆಂದು ಕೊಂಡು ತಂದು ಕಪಾಟಿನಲ್ಲಿಟ್ಟವರಲ್ಲಿ ಹೆಚ್ಚಿನವರಿಗೆ ಅದು ಯಾರ ರೂಪವೆಂದು ಗೊತ್ತಿರುವುದಿಲ್ಲ. 'ಬುಡಕಟ್ಟಿನವರ ದೇವರಂತೆ' ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಅದು ದೇವರಲ್ಲ. ಹೋಪಿಗಳು ಅದನ್ನು ಪೂಜಿಸುವುದೂ ಇಲ್ಲ. ಹಾಗಾದರೆ ಕತ್ಸಿನರು ಎಂದರೆ ಯಾರು, ಅವರಿಗೂ ಮಳೆಗೂ ಏನು ಸಂಬಂಧ, ಪ್ಯಾರಿಸ್ಸಿನ ಹರಾಜು ಕಟ್ಟೆಯಿಂದ ಅಮೆರಿಕದ ನ್ಯಾಯಾಲಯಗಳವರೆಗೆ ಅವರ ಹೆಸರಿನಲ್ಲಿ ಇಷ್ಟೊಂದು ವ್ಯಾಜ್ಯಗಳು ಏಕೆ ನಡೆದವು ಎಂಬುದನ್ನು ಮೊದಲಿನಿಂದ ನೋಡೋಣ. ಇಂಗ್ಲಿಷಿನಲ್ಲಿ 'ಕಚಿನಾ' ಎಂಬ ರೂಪ ಬಳಕೆಯಲ್ಲಿದ್ದರೂ ಹೋಪಿಗಳ ಉಚ್ಚಾರಣೆಗೆ ಹತ್ತಿರವಾದ 'ಕತ್ಸಿನ' ಎಂಬುದನ್ನೇ ಇಲ್ಲಿ ಬಳಸಿದ್ದೇನೆ.

## ನದಿಯಿಲ್ಲದ ನಾಡಿನ ಬೇಸಾಯಗಾರರು

ಹೋಪಿಗಳು ಅರಿಝೋನಾದ ಈಶಾನ್ಯ ಭಾಗದಲ್ಲಿರುವ ಮೂಲನಿವಾಸಿ ಜನ. ಅಲ್ಲಿನ ನೆಲ ಎತ್ತರದ ಮರುಭೂಮಿ. ಅದರ ಮೇಲೆ ಮೇಜಿನಂತೆ ನೆತ್ತಿ ಚಪ್ಪಟೆಯಾದ ಕಲ್ಲುಬೆಟ್ಟಗಳು ಎದ್ದು ನಿಂತಿವೆ. ಅವುಗಳನ್ನು ಮೇಸಾ ಎನ್ನುತ್ತಾರೆ. ಮೊದಲ ಮೇಸಾ, ಎರಡನೆಯ ಮೇಸಾ, ಮೂರನೆಯ ಮೇಸಾ ಎಂದು ಕರೆಯುವ ಮೂರು ಬೆಟ್ಟಗಳ ನೆತ್ತಿಯಲ್ಲಿ ಮತ್ತು ಬುಡದಲ್ಲಿ ಹೋಪಿಗಳ ಊರುಗಳಿವೆ. ವಾಲ್ಪಿ, ಶುಂಗೋಪಾವಿ, ಒರೈಬಿ, ಹೊಟೆವಿಲ್ಲಾ ಅವುಗಳಲ್ಲಿ ಕೆಲವು. ಒರೈಬಿಯಲ್ಲಿ ಸುಮಾರು 12ನೆಯ ಶತಮಾನದಿಂದಲೂ ಜನ ಬಿಡದೆ ವಾಸಿಸುತ್ತಿದ್ದಾರೆ. ಇಡೀ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಷ್ಟು ದೀರ್ಘಕಾಲ ವಸತಿಯಿರುವ ಊರುಗಳು ಬೆರಳೆಣಿಕೆಯಷ್ಟು ಮಾತ್ರ.

ಈ ಜನ ಬೇಟೆಗಾರರೂ ಅಲ್ಲ, ಅಲೆಮಾರಿಗಳೂ ಅಲ್ಲ. ಅವರು ಅಪ್ಪಟ ಬೇಸಾಯಗಾರರು. ವರ್ಷಕ್ಕೆ ಸುಮಾರು 250 ಮಿಲಿಮೀಟರ್, ಎಷ್ಟೋ ವರ್ಷ ಅದಕ್ಕೂ ಕಡಿಮೆ ಮಳೆ ಬೀಳುವ ನೆಲದಲ್ಲಿ, ಕಾಲುವೆಯಿಲ್ಲದೆ, ಹೊಲದ ಪಕ್ಕ ಹರಿಯುವ ನದಿಯಿಲ್ಲದೆ ಮೆಕ್ಕೆಜೋಳ, ಬೀನ್ಸ್, ಕುಂಬಳ, ಕಲ್ಲಂಗಡಿ ಬೆಳೆಯುತ್ತಾರೆ. ಮರಳಿನ ಅಡಿಯಲ್ಲಿ ಉಳಿದಿರುವ ಚಳಿಗಾಲದ ತೇವ ಸಿಗಲೆಂದು ಕೋಲಿನಿಂದ ಒಂದು ಗೇಣು, ಕೆಲವೊಮ್ಮೆ ಅದಕ್ಕೂ ಆಳಕ್ಕೆ ಗುಳಿ ತೋಡುತ್ತಾರೆ. ಒಂದೊಂದು ಗುಳಿಗೆ ಹಲವು ಬೀಜ ಹಾಕುತ್ತಾರೆ. ಗುಳಿಯಿಂದ ಗುಳಿಗೆ ಕೆಲವು ಹೆಜ್ಜೆ ಅಂತರ ಬಿಡುತ್ತಾರೆ. ಅಷ್ಟು ಆಳದಿಂದ ಮೇಲೆದ್ದು ಬರುವ ಶಕ್ತಿಯಿರುವ ತಳಿಯನ್ನು ಅವರು ನೂರಾರು ವರ್ಷ ಆರಿಸಿ ಉಳಿಸಿಕೊಂಡಿದ್ದಾರೆ. ಇಷ್ಟಾದರೂ ಚಳಿಗಾಲದಲ್ಲಿ ಹಿಮ ಬೀಳದಿದ್ದರೆ, ಜುಲೈ ಆಗಸ್ಟ್ ತಿಂಗಳುಗಳಲ್ಲಿ ಮೋಡ ಕಟ್ಟದಿದ್ದರೆ ಬೆಳೆ ಇಲ್ಲ.

ಈ ಕಷ್ಟವನ್ನು ಹೋಪಿಗಳು ದುರದೃಷ್ಟವೆಂದು ಎಣಿಸುವುದಿಲ್ಲ. ಅವರ ಪುರಾಣದ ಪ್ರಕಾರ ಮನುಷ್ಯರು ನೆಲದಡಿಯ ಹಿಂದಿನ ಲೋಕಗಳನ್ನು ದಾಟಿ ಈಗಿನ ನಾಲ್ಕನೆಯ ಲೋಕಕ್ಕೆ ಮೇಲೇರಿ ಬಂದರು. ಆಗ ಬೇರೆ ಬೇರೆ ಜನಾಂಗಗಳ ಮುಂದೆ ಬೇರೆ ಬೇರೆ ಜೋಳದ ತೆನೆಗಳನ್ನು ಇಟ್ಟರು. ಉಳಿದವರು ದೊಡ್ಡ ತೆನೆಗಳನ್ನು ಎತ್ತಿಕೊಂಡರು. ಹೋಪಿಗಳಿಗೆ ಸಿಕ್ಕಿದ್ದು ಗಿಡ್ಡನೆಯ ನೀಲಿ ತೆನೆ. ಬದುಕು ಕಠಿಣವಾಗಿರುತ್ತದೆ, ಆದರೆ ಬಾಳುತ್ತದೆ ಎಂಬುದು ಆ ತೆನೆಯ ಜೊತೆಗೆ ಬಂದ ಮಾತು. ಈ ನೆಲದ ಒಡೆಯನಾದ ಮಸಾವ್ ಎಂಬವನ ಅನುಮತಿ ಪಡೆದು, ವಿನಯದಿಂದ ಬದುಕುತ್ತೇವೆಂದು ಒಪ್ಪಿಕೊಂಡು ಅವರು ಇಲ್ಲಿ ನೆಲೆ ನಿಂತರು. ಕತ್ಸಿನರನ್ನು ಅರ್ಥ ಮಾಡಿಕೊಳ್ಳಲು ಈ ಒಪ್ಪಂದದ ಹಿನ್ನೆಲೆ ಬೇಕೇ ಬೇಕು.

## ಕತ್ಸಿನ ಎಂದರೆ ಯಾರು?

ಕತ್ಸಿನರು ಹಿತ ಬಯಸುವ ಚೇತನಗಳು. ಅವರಲ್ಲಿ 250ಕ್ಕೂ ಹೆಚ್ಚು ಬಗೆಗಳಿವೆ. ಕೆಲವರು 400ಕ್ಕೂ ಮಿಕ್ಕಿ ಎಣಿಸುತ್ತಾರೆ. ಹಳಬರು ಕಾಣೆಯಾಗುತ್ತಾರೆ, ಹೊಸಬರು ಸೇರುತ್ತಾರೆ, ಹೀಗಾಗಿ ಕೊನೆಯ ಲೆಕ್ಕವೆಂಬುದಿಲ್ಲ. ಮೋಡ, ನಕ್ಷತ್ರ, ಜೋಳ, ಕರಡಿ, ಜಿಂಕೆ, ಗೂಬೆ, ಜೇನ್ನೊಣ ಹೀಗೆ ಪ್ರಕೃತಿಯಲ್ಲಿ ಕಾಣುವ ಎಷ್ಟೋ ಸಂಗತಿಗಳಿಗೆ ಕತ್ಸಿನ ರೂಪವಿದೆ. ನೆರೆಯ ನವಾಹೋ ಜನರ ಹೆಸರಿನ ಕತ್ಸಿನನೂ ಇದ್ದಾನೆ. ಸ್ಪೇನಿನವರ ಜೊತೆ ಆ ನಾಡಿಗೆ ಹಸು ಕಾಲಿಟ್ಟ ಮೇಲೆ ಹಸುವಿನ ಕತ್ಸಿನನೂ ಹುಟ್ಟಿಕೊಂಡ. ಅವನ ಹೆಸರು ವಕಾಸ್, ಸ್ಪ್ಯಾನಿಷಿನ ಹಸುವಿನ ಹೆಸರಿನಿಂದಲೇ ಬಂದದ್ದು. ನಂಬಿಕೆಯೊಂದು ಹಳೆಯದಾಗಿಯೂ ಬೆಳೆಯುತ್ತಲೇ ಇರಬಹುದು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತೋಚುವುದಿಲ್ಲ.

ಇವೆಲ್ಲದರ ಕೆಳಗೆ ಇನ್ನೂ ಆಳವಾದ ನಂಬಿಕೆಯೊಂದಿದೆ. ಒಳ್ಳೆಯ ಬದುಕು ಬಾಳಿದ ಹೋಪಿ ಸತ್ತ ಮೇಲೆ ಮೋಡವಾಗುತ್ತಾನೆ, ಕತ್ಸಿನರನ್ನು ಸೇರುತ್ತಾನೆ. ಸತ್ತವರ ಮುಖದ ಮೇಲೆ ಹತ್ತಿಯನ್ನು ಹರಡುವ ಪದ್ಧತಿ ಹಿಂದಿನಿಂದ ಇದೆ. ಬಿಳಿ ಹತ್ತಿ ಎಂದರೆ ಬಿಳಿ ಮೋಡ. ಹಗುರಾಗಿ ಹೋಗು, ಮಳೆಯಾಗಿ ಹಿಂದಿರುಗು ಎಂಬ ಭಾವ ಅದರಲ್ಲಿದೆ. ಮದುವೆಯಾಗುವ ಹೆಣ್ಣಿಗೆ ಗಂಡಿನ ಮನೆಯ ಗಂಡಸರು ಬಿಳಿ ಹತ್ತಿಯ ವಸ್ತ್ರ ನೇಯ್ದು ಕೊಡುತ್ತಾರೆ. ಆ ವಸ್ತ್ರ ಅವಳ ಬದುಕಿನುದ್ದಕ್ಕೂ ಉಳಿಯಬೇಕು, ಏಕೆಂದರೆ ಕೊನೆಗೆ ಅವಳನ್ನು ಆಚೆಯ ಲೋಕಕ್ಕೆ ಒಯ್ಯುವುದೂ ಅದೇ.

ಹಾಗಾಗಿ ಮೇಸಾದ ಮೇಲೆ ನಿಂತು ಮೋಡದತ್ತ ನೋಡುವ ಹೋಪಿ ಅಪರಿಚಿತ ಶಕ್ತಿಯೊಂದನ್ನು ಕಾಣುವುದಿಲ್ಲ. ಅಲ್ಲಿ ಅಜ್ಜಿಯಿದ್ದಾಳೆ, ಸೋದರಮಾವ ಇದ್ದಾನೆ. ಮಳೆ ಬಂದರೆ ನೆಂಟರು ಬಂದಂತೆ.

ಈ ಚೇತನಗಳ ಮನೆ ಎಲ್ಲಿ? ಫ್ಲ್ಯಾಗ್‌ಸ್ಟಾಫ್ ಪಟ್ಟಣದ ಬೆನ್ನಿಗಿರುವ ಬೆಟ್ಟಸಾಲಿನಲ್ಲಿ. ಭೂಪಟದಲ್ಲಿ ಅದರ ಹೆಸರು ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳು. 17ನೆಯ ಶತಮಾನದಲ್ಲಿ ಬಂದ ಫ್ರಾನ್ಸಿಸ್ಕನ್ ಪಾದ್ರಿಗಳು ತಮ್ಮ ಸಂತನ ಹೆಸರಿಟ್ಟರು. ಹೋಪಿಗಳಿಗೆ ಅದು ನುವಾತುಕ್ಯಾಓವಿ. ಅತಿ ಎತ್ತರದ ಶಿಖರ 3,850 ಮೀಟರ್, ಅದೇ ಅರಿಝೋನಾದ ಅತಿ ಎತ್ತರದ ಜಾಗ. ಮೇಸಾಗಳಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರವಿದ್ದರೂ ತಿಳಿ ಹಗಲಿನಲ್ಲಿ ನೈಋತ್ಯ ದಿಗಂತದಲ್ಲಿ ಅದು ನಿಚ್ಚಳವಾಗಿ ಕಾಣುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮೊದಲು ಮೋಡ ಕಟ್ಟುವುದು ಆ ಶಿಖರಗಳ ತಲೆಯ ಮೇಲೆ. ಬೆಟ್ಟ ಬಿಸಿಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಅದು ತಂಪಾಗಿ ಮೋಡವಾಗುತ್ತದೆ ಎಂದು ಹವಾಮಾನ ಶಾಸ್ತ್ರ ಹೇಳುತ್ತದೆ. ಕತ್ಸಿನರು ಮನೆಯಿಂದ ಹೊರಟರು ಎಂದು ಹೋಪಿಗಳು ಹೇಳುತ್ತಾರೆ. ನೋಡುತ್ತಿರುವುದು ಇಬ್ಬರೂ ಅದೇ ಮೋಡವನ್ನು.

## ಏನು ಕೊಡುತ್ತಾರೆ, ಏನು ಪಡೆಯುತ್ತಾರೆ?

ಕತ್ಸಿನರು ಮಳೆಯನ್ನು ಸೃಷ್ಟಿಸುವ ಸರ್ವಶಕ್ತರಲ್ಲ. ಅವರು ನಡುವಿನವರು. ಜನರ ಪ್ರಾರ್ಥನೆಯನ್ನು ಹೊತ್ತು ಒಯ್ಯುತ್ತಾರೆ, ಮಳೆಯನ್ನು, ಫಲವನ್ನು, ಆರೋಗ್ಯವನ್ನು ಹೊತ್ತು ತರುತ್ತಾರೆ. ಇಲ್ಲಿ ಬೇಡುವ ಭಕ್ತ, ಕೊಡುವ ದೇವರು ಎಂಬ ಜೋಡಿಯಿಲ್ಲ. ನಮ್ಮ ಹಳ್ಳಿಗಳಲ್ಲಿದ್ದ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಈ ಸಂಬಂಧ ಬೇಗ ಹಿಡಿತಕ್ಕೆ ಸಿಗುತ್ತದೆ. ಇಂದು ನೀವು ನಮ್ಮ ಗದ್ದೆಯ ನಾಟಿಗೆ ಬರುತ್ತೀರಿ, ನಾಳೆ ನಾವು ನಿಮ್ಮ ಗದ್ದೆಗೆ ಬರುತ್ತೇವೆ. ಅದು ಕೂಲಿಯಲ್ಲ, ದಾನವೂ ಅಲ್ಲ. ಯಾರೂ ಲೆಕ್ಕ ಬರೆಯುವುದಿಲ್ಲ, ಆದರೆ ತಪ್ಪಿಸಿದವನ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುವುದಿಲ್ಲ. ಹೋಪಿಗಳಿಗೂ ಕತ್ಸಿನರಿಗೂ ಇರುವುದು ಇಂಥದೇ ಪರಸ್ಪರ ಹೊಣೆ.

ಜನ ಕೊಡುವುದು ಏನು? ಕಣ್ಣಿಗೆ ಕಾಣುವುದು ಸ್ವಲ್ಪ. ಪವಿತ್ರವೆಂದು ತೆಗೆದಿಟ್ಟ ಬಿಳಿ ಜೋಳದ ಹಿಟ್ಟನ್ನು ಕತ್ಸಿನರ ಮೇಲೆ, ಅವರು ನಡೆಯುವ ದಾರಿಯ ಮೇಲೆ ಉದುರಿಸುತ್ತಾರೆ. ಗರಿಯನ್ನು ಹತ್ತಿಯ ನೂಲಿನಲ್ಲಿ ಕಟ್ಟಿ ಪಾಹೋ ಎಂಬ ಪ್ರಾರ್ಥನೆಯ ಗರಿ ಮಾಡಿ ಅರ್ಪಿಸುತ್ತಾರೆ. ಕಾಣದೆ ಇರುವುದು ಹೆಚ್ಚು. ಆಚರಣೆಗೆ ಮುಂಚೆ ಉಪವಾಸ, ಸಂಯಮ, ಜಗಳಗಳಿಂದ ದೂರವಿರುವುದು, ಎಲ್ಲಕ್ಕಿಂತ ಮುಖ್ಯವಾಗಿ ಒಳ್ಳೆಯ ಮನಸ್ಸು. ಒಬ್ಬರ ಮನಸ್ಸಿನಲ್ಲಿ ಕಹಿ ಇದ್ದರೂ ಇಡೀ ಊರಿನ ಪ್ರಾರ್ಥನೆ ಕುಂದುತ್ತದೆ ಎಂದು ಹಿರಿಯರು ಎಚ್ಚರಿಸುತ್ತಾರೆ. ಬರ ಬಂದಾಗ ಹೋಪಿ ಊರುಗಳಲ್ಲಿ ಮೊದಲು ಏಳುವ ಪ್ರಶ್ನೆ 'ಕತ್ಸಿನರು ಏಕೆ ಮುನಿದರು' ಎಂಬುದಲ್ಲ, 'ನಾವು ಹೇಗೆ ಬದುಕುತ್ತಿದ್ದೇವೆ' ಎಂಬುದು.

ಇನ್ನೊಂದು ಮಾತು. ಪ್ರಾರ್ಥನೆ ಹೋಪಿಗಳ ಹೊಲಗಳಿಗೆ ಮಾತ್ರ ಮೀಸಲಲ್ಲ. ಭೂಮಿಯ ಮೇಲಿನ ಎಲ್ಲ ಜನಕ್ಕೆ, ಪ್ರಾಣಿಗಳಿಗೆ, ಗಿಡಗಳಿಗೆ ಮಳೆ ಸಿಗಲಿ ಎಂದೇ ಅವರು ಬೇಡುತ್ತಾರೆ. ಕೆಲವೇ ಸಾವಿರ ಜನ ಬೆಟ್ಟದ ಮೇಲೆ ನಿಂತು ಜಗತ್ತಿಗೆಲ್ಲ ಮಳೆ ಕೇಳುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಅವರಿಗೆ ಅದು ಮಸಾವ್‌ಗೆ ಕೊಟ್ಟ ಮಾತಿನ ಭಾಗ.

## ಡಿಸೆಂಬರಿನಿಂದ ಜುಲೈವರೆಗೆ

ಕತ್ಸಿನರು ವರ್ಷವಿಡೀ ಊರಿನಲ್ಲಿರುವುದಿಲ್ಲ. ಚಳಿಗಾಲದ ಅಯನ ಸಂಕ್ರಮಣದ ಹೊತ್ತಿಗೆ, ಅಂದರೆ ಡಿಸೆಂಬರಿನಲ್ಲಿ ಬರತೊಡಗುತ್ತಾರೆ. ಜುಲೈನಲ್ಲಿ ಮನೆಗೆ ಮರಳುತ್ತಾರೆ. ಉಳಿದ ತಿಂಗಳುಗಳಲ್ಲಿ ಬೇರೆ ಆಚರಣೆಗಳಿವೆ. ಹೊರಜಗತ್ತಿನಲ್ಲಿ ಹೆಸರಾದ ಹಾವಿನ ನೃತ್ಯ ಆಗಸ್ಟಿನದು, ಅದಕ್ಕೂ ಕತ್ಸಿನರಿಗೂ ಸಂಬಂಧವಿಲ್ಲ.

ಎಲ್ಲಕ್ಕೂ ಕೇಂದ್ರ ಕಿವಾ. ಇದು ಬಹುಪಾಲು ನೆಲದೊಳಗೆ ಕಟ್ಟಿದ ಕೋಣೆ. ಚಾವಣಿಯ ಕಿಂಡಿಯಿಂದ ಏಣಿಯಲ್ಲಿ ಇಳಿಯಬೇಕು. ಒಳಗೆ ನೆಲದಲ್ಲಿ ಒಂದು ಚಿಕ್ಕ ಕುಳಿ ಇರುತ್ತದೆ. ಮನುಷ್ಯರು ಕೆಳಲೋಕದಿಂದ ಮೇಲೇರಿ ಬಂದ ದಾರಿಯ ಗುರುತು ಅದು.

ಸೂರ್ಯ ದಕ್ಷಿಣದ ತುದಿ ಮುಟ್ಟಿ ತಿರುಗುವ ಹೊತ್ತಿನ ಆಚರಣೆಯ ಹೆಸರು ಸೋಯಾಲ್. ಆಗ ಮೊದಲ ಕತ್ಸಿನ ಒಬ್ಬನೇ ಬರುತ್ತಾನೆ. ದೀರ್ಘ ನಿದ್ರೆಯಿಂದ ಎದ್ದ ಮುದುಕನಂತೆ ತಡವರಿಸುತ್ತಾ ಹೆಜ್ಜೆಯಿಡುತ್ತಾನೆ. ಅವನ ಹಿಂದೆ ಬರುವ ಇನ್ನೊಂದು ಗುಂಪು ಕಿವಾಗಳ ಬಾಗಿಲು ತೆರೆಯುತ್ತದೆ. ಉಳಿದವರು ಬರಲು ದಾರಿ ಆಗುತ್ತದೆ.

ಫೆಬ್ರವರಿಯ ಪೊವಾಮುಯಾ ಈ ಅರ್ಧ ವರ್ಷದ ದೊಡ್ಡ ಹಬ್ಬಗಳಲ್ಲಿ ಒಂದು. ಹೊರಗೆ ನೆಲ ಹೆಪ್ಪುಗಟ್ಟಿರುತ್ತದೆ. ಕಿವಾಗಳ ಒಳಗೆ ಹಗಲು ರಾತ್ರಿ ಬೆಂಕಿ ಉರಿಸಿ, ಮರಳು ತುಂಬಿದ ಪಾತ್ರೆಗಳಲ್ಲಿ ಬೀನ್ಸ್ ಕಾಳು ಬಿತ್ತಿ ಮೊಳಕೆ ಬೆಳೆಸುತ್ತಾರೆ. ಮೊಳಕೆ ಎಷ್ಟು ಎತ್ತರ ಬಂದರೆ ಮುಂದಿನ ಬೆಳೆ ಅಷ್ಟು ಚೆನ್ನ ಎಂದು ನಂಬಿಕೆ. ಹಬ್ಬದ ಬೆಳಗ್ಗೆ ಹಸಿರು ಕಂತೆಗಳು ಮನೆಮನೆಗೆ ತಲುಪುತ್ತವೆ. ತಿಂಗಳುಗಟ್ಟಲೆ ಹಸಿರನ್ನೇ ಕಾಣದ ಕಣ್ಣಿಗೆ ಅದು ಏನಾಗಿ ಕಂಡೀತೆಂದು ಊಹಿಸಿಕೊಳ್ಳಿ. ಅಂದು ಮನೆಗಳಲ್ಲಿ ಮೊಳಕೆಯ ಸಾರು ಕುದಿಯುತ್ತದೆ.

ಮೂರನೆಯ ಮೇಸಾದಲ್ಲಿ ಅಂದು ಏಒತೋತೋ, ಅಹೋಲಿ ಎಂಬ ಇಬ್ಬರು ಮುಖ್ಯ ಕತ್ಸಿನರು ಊರು ಸುತ್ತುತ್ತಾರೆ. ಏಒತೋತೋ ನೆಲದ ಮೇಲೆ ಜೋಳದ ಹಿಟ್ಟಿನಿಂದ ಮೋಡದ ಚಿತ್ರ ಬರೆಯುತ್ತಾನೆ, ಅಹೋಲಿ ಅದರ ಮೇಲೆ ತನ್ನ ಕೋಲನ್ನೂರಿ ಕೂಗುತ್ತಾನೆ. ಮೋಡಗಳನ್ನು ಊರಿನ ಕಡೆಗೆ ಕರೆಯುವ ದಾರಿ ಇದು. ಕತ್ಸಿನರ ತಾಯಿ ಎಂದು ಗೌರವಿಸುವ ಕಾಗೆಯಮ್ಮ ಬರುವುದೂ ಈ ಹಬ್ಬದಲ್ಲಿಯೇ. ಎರಡು ಕಪ್ಪು ರೆಕ್ಕೆಗಳನ್ನು ತಲೆಯ ಇಕ್ಕೆಲಗಳಲ್ಲಿ ಹೊತ್ತ ಆಕೆಯ ನಡಿಗೆ ಬಹಳ ಘನವಾದದ್ದು.

ಚಳಿ ಇರುವವರೆಗೆ ನೃತ್ಯಗಳು ರಾತ್ರಿ ಕಿವಾಗಳೊಳಗೆ ನಡೆಯುತ್ತವೆ. ವಸಂತ ಬಂದ ಮೇಲೆ ಊರ ನಡುವಿನ ಚೌಕಕ್ಕೆ ಬರುತ್ತವೆ. ಬೆಳಗ್ಗೆ ಶುರುವಾಗಿ ನಡುನಡುವೆ ವಿರಾಮದೊಂದಿಗೆ ಸೂರ್ಯಾಸ್ತದವರೆಗೆ ಸಾಗುತ್ತವೆ. ಹತ್ತಾರು ಕತ್ಸಿನರು ಸಾಲಾಗಿ ನಿಂತು ಒಂದೇ ಲಯದಲ್ಲಿ ಕಾಲು ಊರುತ್ತಾರೆ. ಬಲಗಾಲಿಗೆ ಕಟ್ಟಿದ ಆಮೆಯ ಚಿಪ್ಪು, ಕೈಯಲ್ಲಿ ಹಿಡಿದ ಸೋರೆಬುರುಡೆಯ ಗಿಲಕಿ ಹೆಜ್ಜೆಗೆ ಸದ್ದು ಸೇರಿಸುತ್ತವೆ. ಹಾಡುಗಳನ್ನು ಪ್ರತಿ ವರ್ಷ ಹೊಸದಾಗಿ ಕಟ್ಟುತ್ತಾರೆ. ಮೋಡ, ಮಿಂಚು, ತೆನೆಯೊಡೆದ ಹೊಲ, ಹೊಲದ ನಡುವೆ ಆಡುವ ಮಕ್ಕಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಹೊಲ ಮರೆತವರಿಗೆ, ಹಿರಿಯರ ಮಾತು ಮರೆತವರಿಗೆ ಬುದ್ಧಿಮಾತೂ ಇರುತ್ತದೆ. ವಿರಾಮದಲ್ಲಿ ಕತ್ಸಿನರು ನೆರೆದವರಿಗೆಲ್ಲ ಜೋಳ, ಹಣ್ಣು, ನೀಲಿ ಜೋಳದ ಹಿಟ್ಟನ್ನು ಕಾದ ಕಲ್ಲಿನ ಮೇಲೆ ಎಲೆಯಷ್ಟು ತೆಳ್ಳಗೆ ಸವರಿ ಸುರುಳಿ ಸುತ್ತಿದ ಪಿಕಿ ರೊಟ್ಟಿ ಹಂಚುತ್ತಾರೆ. ಈಗ ಎಷ್ಟೋ ಹೋಪಿಗಳು ಫೀನಿಕ್ಸ್, ಫ್ಲ್ಯಾಗ್‌ಸ್ಟಾಫ್‌ಗಳಲ್ಲಿ ನೌಕರಿಯಲ್ಲಿದ್ದಾರೆ. ಅವರೂ ಬರಲೆಂದು ನೃತ್ಯಗಳನ್ನು ಹೆಚ್ಚಾಗಿ ವಾರಾಂತ್ಯಕ್ಕೆ ಗೊತ್ತುಮಾಡುತ್ತಾರೆ.

ಜುಲೈನ ನಿಮಾನ್ ಬೀಳ್ಕೊಡುಗೆಯ ಹಬ್ಬ. ಸಾಮಾನ್ಯವಾಗಿ ಅಂದು ಬರುವವರು ಹೆಮಿಸ್ ಕತ್ಸಿನರು. ಮೋಡಗಳ ಚಿತ್ರವಿರುವ ಎತ್ತರದ ಹಲಗೆ ಅವರ ತಲೆಯ ಮೇಲಿರುತ್ತದೆ, ಮೈಗೆ ಹಸಿರು ಕೊಂಬೆಗಳು. ಆ ವರ್ಷದ ಮೊದಲ ಹಸಿ ಜೋಳದ ದಂಟುಗಳನ್ನು ತೆನೆಯ ಸಮೇತ ಹೊತ್ತು ತರುತ್ತಾರೆ. ಆ ವರ್ಷ ಮದುವೆಯಾದ ಹೆಣ್ಣುಮಕ್ಕಳು ಬಿಳಿ ವಸ್ತ್ರ ಹೊದ್ದು ಬಂದು ನಿಲ್ಲುತ್ತಾರೆ. ಕೊನೆಯ ನೃತ್ಯ ಮುಗಿದ ಮೇಲೆ ಹಿರಿಯರು ಕತ್ಸಿನರ ಮೇಲೆ ಹಿಟ್ಟು ಉದುರಿಸಿ, ನಮ್ಮ ಪ್ರಾರ್ಥನೆಯನ್ನು ಒಯ್ಯಿರಿ ಎಂದು ಕಳುಹಿಸಿಕೊಡುತ್ತಾರೆ. ಕತ್ಸಿನರು ಬೆಟ್ಟದತ್ತ ಹೊರಡುತ್ತಾರೆ. ಬೇಸಿಗೆಯ ಮೋಡಗಳು ಅದೇ ಬೆಟ್ಟದ ಮೇಲೆ ಕಟ್ಟತೊಡಗುವುದೂ ಅದೇ ದಿನಗಳಲ್ಲಿ.

## ಮಕ್ಕಳ ಕೈಯ ಬೊಂಬೆ

ಅಂಗಡಿಗಳಲ್ಲಿ ಕಾಣುವ ಬೊಂಬೆಯ ಮೂಲ ಇರುವುದು ಪೊವಾಮುಯಾ ಮತ್ತು ನಿಮಾನ್ ಹಬ್ಬಗಳಲ್ಲಿ. ಅಂದು ಕತ್ಸಿನರು ಹೆಣ್ಣುಮಕ್ಕಳಿಗೆ ತಿಹು ಎಂಬ ಬೊಂಬೆಯನ್ನು, ಗಂಡುಮಕ್ಕಳಿಗೆ ಬಿಲ್ಲುಬಾಣ, ಗಿಲಕಿಗಳನ್ನು ಕೊಡುತ್ತಾರೆ. ಕಾಟನ್‌ವುಡ್ ಮರದ ಬೇರಿನಿಂದಲೇ ತಿಹುವನ್ನು ಕೆತ್ತಬೇಕು. ಆ ಮರದ ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದೆ. ಎಳೆ ಕೂಸಿಗೆ ಸಿಗುವ ಮೊದಲ ಬೊಂಬೆ ಚಪ್ಪಟೆಯಾದದ್ದು. ಬೆಳೆದಂತೆ ಕೈಕಾಲು ಮೂಡಿದ ಬೊಂಬೆಗಳು ಬರುತ್ತವೆ. ಹುಡುಗಿ ಆಡುತ್ತಾಳೆ, ಆಟ ಮುಗಿದ ಮೇಲೆ ಬೊಂಬೆಯನ್ನು ಗೋಡೆಗೆ ನೇತುಹಾಕುತ್ತಾರೆ. ಹೀಗೆ ನೂರಾರು ಕತ್ಸಿನರ ರೂಪ, ಬಣ್ಣ, ಗುರುತುಗಳು ಅಕ್ಷರವಿಲ್ಲದೆ ಮಗುವಿನ ಮನಸ್ಸಿಗೆ ಇಳಿಯುತ್ತವೆ. ಬೊಂಬೆಯಲ್ಲಿ ಕತ್ಸಿನ ವಾಸಿಸುವುದಿಲ್ಲ, ಹಾಗಾಗಿ ಅದು ಪೂಜಾಮೂರ್ತಿಯಲ್ಲ. ಅದೊಂದು ಹಾರೈಕೆ, ಮಗು ಚೆನ್ನಾಗಿ ಬೆಳೆಯಲಿ ಎಂದು.

ಎಲ್ಲ ಕತ್ಸಿನರೂ ಮುದ್ದು ಮಾಡುವವರಲ್ಲ. ಪೊವಾಮುಯಾದ ದಿನಗಳಲ್ಲಿ ಕೆಲವು ಊರುಗಳಿಗೆ ಸೋಯೋಕೋ ಎಂಬ ಭಯಂಕರ ರೂಪದವರು ಬರುತ್ತಾರೆ. ಮೊದಲು ಒಬ್ಬಳು ಬಂದು ಹುಡುಗಿಯರಿಗೆ ಜೋಳ ಬೀಸಿಡಲು, ಹುಡುಗರಿಗೆ ಬೇಟೆ ಹಿಡಿದಿಡಲು ಹೇಳಿ ಹೋಗುತ್ತಾಳೆ. ಕೆಲವು ದಿನ ಬಿಟ್ಟು ಇಡೀ ಗುಂಪು ಗರಗಸ, ಬುಟ್ಟಿಗಳೊಂದಿಗೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಮಗು ವರ್ಷವಿಡೀ ಮಾಡಿದ ತಪ್ಪುಗಳನ್ನೆಲ್ಲ ಗಟ್ಟಿಯಾಗಿ ಎಣಿಸಿ, ಇದನ್ನು ಒಯ್ಯುತ್ತೇವೆ ಎನ್ನುತ್ತದೆ. ಆಗ ನಡೆಯುವುದು ಮುಖ್ಯ. ಅಜ್ಜಿ, ತಾಯಿ, ಸೋದರಮಾವಂದಿರು ಮಗುವಿನ ಮುಂದೆ ಅಡ್ಡ ನಿಂತು ವಾದಿಸುತ್ತಾರೆ. ಇವಳು ನೀರು ಹೊರುತ್ತಾಳೆ, ತಮ್ಮನನ್ನು ನೋಡಿಕೊಳ್ಳುತ್ತಾಳೆ, ನಮಗೆ ಬೇಕು ಎನ್ನುತ್ತಾರೆ. ಹಿಟ್ಟು, ಮಾಂಸ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಈ ಆಚರಣೆಯನ್ನು ಬರಿಯ ಹೆದರಿಕೆಯೆಂದು ಬರೆದ ಹೊರಗಿನವರು ಅದರ ಅರ್ಧವನ್ನಷ್ಟೇ ಕಂಡರು ಎಂದು ನನ್ನ ಅನಿಸಿಕೆ. ತನ್ನ ತಪ್ಪು ಎಲ್ಲರಿಗೂ ಗೊತ್ತಿದೆ, ಆದರೂ ತನ್ನವರು ತನ್ನನ್ನು ಬಿಟ್ಟುಕೊಡುವುದಿಲ್ಲ ಎಂಬ ಎರಡು ಪಾಠಗಳು ಮಗುವಿಗೆ ಒಟ್ಟಿಗೆ ಸಿಗುತ್ತವೆ.

ಎಂಟು ಹತ್ತು ವರ್ಷದ ಹೊತ್ತಿಗೆ ಗಂಡು ಹೆಣ್ಣು ಮಕ್ಕಳಿಬ್ಬರಿಗೂ ದೀಕ್ಷೆಯಾಗುತ್ತದೆ. ಅಲ್ಲಿಂದ ಮುಂದೆ ಕತ್ಸಿನರ ಬಗೆಗಿನ ಒಳ ವಿಷಯಗಳು ಅವರಿಗೆ ತಿಳಿಯುತ್ತವೆ, ದೀಕ್ಷೆಯಾಗದ ಮಕ್ಕಳ ಮುಂದೆ ಅವನ್ನು ಎತ್ತಬಾರದೆಂಬ ಹೊಣೆಯೂ ಬರುತ್ತದೆ. ಆ ಒಳ ವಿಷಯಗಳಲ್ಲಿ ಕೆಲವು ಪುಸ್ತಕಗಳಲ್ಲಿ ಸಿಗುತ್ತವೆ. ಹೋಪಿ ಹಿರಿಯರು ಅವನ್ನು ಹರಡಬೇಡಿ ಎಂದು ಕೇಳಿಕೊಂಡಿದ್ದಾರೆ. ಈ ಲೇಖನಕ್ಕೆ ಅವುಗಳ ಅಗತ್ಯವಿಲ್ಲ.

## ನಗಿಸುವವರ ಕೆಲಸ

ಚೌಕದ ನೃತ್ಯದ ನಡುವೆ ಮಧ್ಯಾಹ್ನ ಕೋಡಂಗಿಗಳು ನುಗ್ಗುತ್ತಾರೆ. ಮನೆಗಳ ಮಾಳಿಗೆಯಿಂದ ತಲೆಕೆಳಗಾಗಿ ಇಳಿಯುತ್ತಾರೆ, ಅತಿಯಾಗಿ ತಿನ್ನುತ್ತಾರೆ, ಕಿರುಚುತ್ತಾರೆ, ಕಂಡದ್ದೆಲ್ಲ ತಮ್ಮದೆನ್ನುತ್ತಾರೆ. ಪಕ್ಕದಲ್ಲೇ ಅಷ್ಟು ಶಿಸ್ತಿನ ನೃತ್ಯ ನಡೆಯುತ್ತಿದ್ದರೂ ಅವರಿಗೆ ಪರಿವೆಯಿಲ್ಲ. ಜನ ಬಿದ್ದು ಬಿದ್ದು ನಗುತ್ತಾರೆ. ಗೂಬೆ ಕತ್ಸಿನ ಬಂದು ಎಚ್ಚರಿಸುತ್ತಾನೆ, ಅವರು ಕೇಳುವುದಿಲ್ಲ. ಕೊನೆಗೆ ಯೋಧ ಕತ್ಸಿನರು ಬಂದು ಯುಕ್ಕಾ ಗಿಡದ ಬರಲಿನಿಂದ ಹೊಡೆದು, ನೀರು ಸುರಿದು ಶುದ್ಧಿ ಮಾಡುತ್ತಾರೆ. ಕೋಡಂಗಿಗಳು ತಮ್ಮ ತಪ್ಪುಗಳನ್ನು ಹಾಡಿ ಒಪ್ಪಿಕೊಳ್ಳುತ್ತಾರೆ. ಒಪ್ಪಂದ ಮರೆತ ಮನುಷ್ಯ ಹೇಗಿರುತ್ತಾನೆ ಎಂಬುದನ್ನು ಊರಿನವರೆಲ್ಲ ಅವರಲ್ಲಿ ಕಾಣುತ್ತಾರೆ. ಕೋಡಂಗಿಯ ಪಾತ್ರ ವಹಿಸುವುದೂ ಪವಿತ್ರ ಹೊಣೆಯೇ.

## ಹೊರಗಿನವರಿಗೆ ಬಾಗಿಲು ಮುಚ್ಚಿದ್ದು ಏಕೆ?

ಇಂದು ಬಹುಪಾಲು ಕತ್ಸಿನ ನೃತ್ಯಗಳಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಬಿಟ್ಟರೂ ಛಾಯಾಚಿತ್ರ, ಧ್ವನಿಮುದ್ರಣ, ರೇಖಾಚಿತ್ರ, ಟಿಪ್ಪಣಿ ಯಾವುದೂ ಕೂಡದು. ಇದಕ್ಕೆ ನೂರಾರು ವರ್ಷಗಳ ಕಾರಣಗಳಿವೆ.

ಸ್ಪೇನಿನ ಸೈನಿಕರು ಹೋಪಿ ಊರುಗಳಿಗೆ ಮೊದಲು ಬಂದದ್ದು 1540ರಲ್ಲಿ. 1629ರಲ್ಲಿ ಅವಾಟೋವಿ ಎಂಬ ಊರಿನಲ್ಲಿ ಕ್ರೈಸ್ತ ಮಿಷನ್ ನಿಂತಿತು. ಪಾದ್ರಿಗಳು ಕತ್ಸಿನ ಆಚರಣೆಗಳನ್ನು ಸೈತಾನನ ಕೆಲಸವೆಂದರು. 1661ರಲ್ಲಿ ನೆರೆಯ ನ್ಯೂ ಮೆಕ್ಸಿಕೋದಲ್ಲಿ ಹೋಪಿಗಳಂತೆಯೇ ಊರು ಕಟ್ಟಿ ಬೇಸಾಯ ಮಾಡುವ ಪ್ಯೂಬ್ಲೋ ಜನರ ಊರುಗಳಲ್ಲಿ ಕಿವಾಗಳಿಗೆ ನುಗ್ಗಿ ಪವಿತ್ರ ವಸ್ತುಗಳನ್ನು ರಾಶಿ ರಾಶಿಯಾಗಿ ನಾಶ ಮಾಡಿದರು. 1680ರಲ್ಲಿ ಪ್ಯೂಬ್ಲೋ ಜನರೆಲ್ಲ ಒಟ್ಟಾಗಿ ದಂಗೆಯೆದ್ದು ಸ್ಪೇನಿನವರನ್ನು ಓಡಿಸಿದರು. ಹೋಪಿಗಳೂ ಅದರಲ್ಲಿ ಸೇರಿ ತಮ್ಮಲ್ಲಿದ್ದ ಪಾದ್ರಿಗಳನ್ನು ಕೊಂದರು. ಇಪ್ಪತ್ತು ವರ್ಷಗಳ ನಂತರ ಅವಾಟೋವಿಯವರು ಪಾದ್ರಿಗಳನ್ನು ಮತ್ತೆ ಬರಮಾಡಿಕೊಂಡಾಗ ಉಳಿದ ಹೋಪಿಗಳು ಆ ಊರನ್ನೇ ನಾಶ ಮಾಡಿದರು. ಶಾಂತಿಯ ಜನ ಎಂದು ತಮ್ಮನ್ನು ಕರೆದುಕೊಳ್ಳುವವರ ಚರಿತ್ರೆಯಲ್ಲಿ ಇದು ಇಂದಿಗೂ ಮಾಯದ ಗಾಯ.

ಅಮೆರಿಕ ಸರಕಾರದ ಕಾಲದಲ್ಲಿ ಒತ್ತಡದ ರೂಪ ಬದಲಾಯಿತು. ಮಕ್ಕಳನ್ನು ಸರಕಾರಿ ಶಾಲೆಗೆ ಕಳುಹಿಸಲು ಒಪ್ಪದ 19 ಹೋಪಿ ಗಂಡಸರನ್ನು 1895ರಲ್ಲಿ ಆಲ್ಕಟ್ರಾಝ್ ದ್ವೀಪದ ಸೆರೆಮನೆಗೆ ತಳ್ಳಿದರು. ಈ ಶಾಲೆ, ಈ ಸರಕಾರದೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬ ಜಗಳದಲ್ಲಿ 1906ರಲ್ಲಿ ಒರೈಬಿ ಊರೇ ಒಡೆದು ಹೊಟೆವಿಲ್ಲಾ ಹುಟ್ಟಿತು. 1920ರ ದಶಕದಲ್ಲಿ ಮೂಲನಿವಾಸಿಗಳ ನೃತ್ಯಗಳನ್ನು ಹತ್ತಿಕ್ಕುವಂತೆ ಸರಕಾರಿ ಇಲಾಖೆಯೇ ಸುತ್ತೋಲೆ ಹೊರಡಿಸಿತು. ಮೂಲನಿವಾಸಿಗಳ ಧಾರ್ಮಿಕ ಸ್ವಾತಂತ್ರ್ಯವನ್ನು ಕಾಪಾಡುವುದು ತನ್ನ ನೀತಿಯೆಂದು ಸಂಸತ್ತು ಕಾಯಿದೆಯ ಮೂಲಕ ಹೇಳಿದ್ದು 1978ರಲ್ಲಿ.

ಇಷ್ಟಾದರೂ ಹಲವು ಊರುಗಳು ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದವು. 1992ರಲ್ಲಿ ಅಮೆರಿಕದ ದೊಡ್ಡ ಪ್ರಕಾಶನ ಸಂಸ್ಥೆಯೊಂದರ ಕಾಮಿಕ್ ಸಂಚಿಕೆಯಲ್ಲಿ ಕತ್ಸಿನ ರೂಪ ತೊಟ್ಟ ಪುಂಡರು ಬಂದರು. ಹೋಪಿ ಮಕ್ಕಳ ಕೈಗೂ ಸಿಗಬಹುದಾದ ಪುಸ್ತಕ ಅದು. ಪ್ರಕಾಶಕರು ಪ್ರತಿಗಳನ್ನು ಹಿಂತೆಗೆದುಕೊಂಡರು, ಆದರೆ ಹಲವು ಊರುಗಳು ಆ ವರ್ಷವೇ ಹೊರಗಿನವರಿಗೆ ನೃತ್ಯಗಳನ್ನು ಮುಚ್ಚಿದವು.

ಬೊಂಬೆಗಳ ವಿಷಯ ಬೇರೆ. ಮಾರಾಟಕ್ಕೆಂದೇ ಕೆತ್ತುವ ಹೋಪಿ ಕಲಾವಿದರು ಅನೇಕರಿದ್ದಾರೆ, ಅದು ಎಷ್ಟೋ ಮನೆಗಳ ಜೀವನಾಧಾರ. ಕೊಳ್ಳುವವರು ಕೆತ್ತಿದವರ ಹೆಸರು, ಯಾವ ಜನಾಂಗದವರು ಎಂಬುದನ್ನು ಕೇಳಬೇಕು. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರುವುದು 1990ರ ಕಾಯಿದೆಯ ಪ್ರಕಾರ ಅಪರಾಧ.

## ಪ್ಯಾರಿಸ್ಸಿನ ಹರಾಜು

ಆಚರಣೆಯಲ್ಲಿ ಬಳಸುವ ಪವಿತ್ರ ಮುಖಗಳನ್ನು ಹೋಪಿಗಳು ಮುಖವಾಡ ಎನ್ನುವುದಿಲ್ಲ, ಗೆಳೆಯರು ಎನ್ನುತ್ತಾರೆ. ಅವು ಜೀವವುಳ್ಳವು, ಅವುಗಳಿಗೆ ಆಹಾರ ನೀಡಬೇಕು, ಅವು ಯಾರೊಬ್ಬರ ಆಸ್ತಿಯೂ ಅಲ್ಲ. ಹಾಗಾಗಿ ಹೋಪಿಗಳ ನಿಯಮದ ಪ್ರಕಾರ ಅವುಗಳನ್ನು ಮಾರುವ ಹಕ್ಕು ಯಾವ ವ್ಯಕ್ತಿಗೂ ಇರಲಿಲ್ಲ. ಆದರೂ 19 ಮತ್ತು 20ನೆಯ ಶತಮಾನಗಳಲ್ಲಿ ಅನೇಕ ಮುಖಗಳು ಸಂಗ್ರಾಹಕರ ಕೈ ಸೇರಿ ಕಡಲು ದಾಟಿದವು.

2013ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಸುಮಾರು 70 ಮುಖಗಳು ಹರಾಜಿಗೆ ಬಂದವು. ಹೋಪಿಗಳು ತಡೆ ಕೇಳಿದರು, ಅಮೆರಿಕದ ರಾಯಭಾರ ಕಚೇರಿಯೂ ನಿಲ್ಲಿಸಲು ಮನವಿ ಮಾಡಿತು. ಫ್ರಾನ್ಸಿನ ನ್ಯಾಯಾಲಯ ತಡೆಯಲಿಲ್ಲ. ಅಮೆರಿಕದಲ್ಲಿ ಸರಕಾರದ ಹಣ ಪಡೆಯುವ ವಸ್ತುಸಂಗ್ರಹಾಲಯಗಳು ಇಂಥ ವಸ್ತುಗಳನ್ನು ಹಿಂದಿರುಗಿಸಬೇಕೆಂಬ 1990ರ ಕಾಯಿದೆ ಕಡಲಾಚೆ ನಡೆಯುವುದಿಲ್ಲ. ಅದೇ ಡಿಸೆಂಬರಿನಲ್ಲಿ ಮತ್ತೊಂದು ಹರಾಜು ನಡೆಯಿತು. ಈ ಬಾರಿ ಲಾಸ್ ಏಂಜಲೀಸಿನ ಆನೆನ್‌ಬರ್ಗ್ ಪ್ರತಿಷ್ಠಾನ ಯಾರಿಗೂ ಸುಳಿವು ಕೊಡದೆ ದೂರವಾಣಿಯಲ್ಲಿ ಬಿಡ್ ಮಾಡಿ, ಸುಮಾರು 5,30,000 ಡಾಲರಿಗೆ 24 ವಸ್ತುಗಳನ್ನು ಕೊಂಡಿತು. ಹಿಂದಿರುಗಿಸಲೆಂದೇ ಕೊಂಡದ್ದು. ಅವುಗಳಲ್ಲಿ 21 ಹೋಪಿಗಳವು. ಇಂಥ ವಸ್ತುಗಳನ್ನು ಅಮೆರಿಕದಿಂದ ಹೊರಗೆ ಸಾಗಿಸುವುದನ್ನು ನಿಷೇಧಿಸುವ ಕಾಯಿದೆ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂತು.

## ಬೆಟ್ಟದ ಮೇಲಿನ ವ್ಯಾಜ್ಯ

ಕತ್ಸಿನರ ಮನೆಯಾದ ಶಿಖರಗಳು ಸಂಯುಕ್ತ ಸರಕಾರದ ಅರಣ್ಯ ಇಲಾಖೆಯ ಸುಪರ್ದಿಯಲ್ಲಿವೆ. ಹೋಪಿಗಳಿಗೆ ಮಾತ್ರವಲ್ಲ, ನವಾಹೋ ಸೇರಿದಂತೆ ಹದಿಮೂರಕ್ಕೂ ಕಡಿಮೆಯಿಲ್ಲದ ಮೂಲನಿವಾಸಿ ಜನಾಂಗಗಳಿಗೆ ಅದು ಪವಿತ್ರ. ಆ ಬೆಟ್ಟದ ಪಶ್ಚಿಮ ಇಳಿಜಾರಿನಲ್ಲಿ 1938ರಿಂದ ಸ್ಕೀಯಿಂಗ್ ತಾಣವೊಂದಿದೆ. ಅದರ ವಿಸ್ತರಣೆಯನ್ನು ಪ್ರಶ್ನಿಸಿ ಹೋಪಿಗಳು, ನವಾಹೋಗಳು ಹೂಡಿದ ಮೊಕದ್ದಮೆ 1983ರಲ್ಲಿ ಸೋತಿತು.

ಹಿಮ ಸಾಲದ ವರ್ಷಗಳು ಹೆಚ್ಚಾದಾಗ ತಾಣದವರು ಫ್ಲ್ಯಾಗ್‌ಸ್ಟಾಫಿನ ಚರಂಡಿ ನೀರನ್ನು ಶುದ್ಧೀಕರಿಸಿ ಕೃತಕ ಹಿಮ ಮಾಡಲು ಅನುಮತಿ ಕೇಳಿದರು. ಅರಣ್ಯ ಇಲಾಖೆ 2005ರಲ್ಲಿ ಒಪ್ಪಿತು. ಹೋಪಿಗಳ ಆಕ್ಷೇಪವೇನು ಎಂಬುದು ಈವರೆಗೆ ಓದಿದವರಿಗೆ ಹೊಳೆದಿರುತ್ತದೆ. ಹಿಮ ತರುವುದು, ಮಳೆ ತರುವುದು ಕತ್ಸಿನರ ಕೆಲಸ, ಅದು ಪ್ರಾರ್ಥನೆಗೆ ಬರುವ ಉತ್ತರ. ಆಸ್ಪತ್ರೆ, ಶವಾಗಾರಗಳಿಂದಲೂ ಹರಿದು ಬಂದ ನೀರನ್ನು ಅವರ ಮನೆಯ ಮೇಲೆಯೇ ಯಂತ್ರದಿಂದ ಸುರಿಯುವುದು ಆ ಸಂಬಂಧದ ಬೇರನ್ನೇ ಕಡಿಯುತ್ತದೆ.

2007ರಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠ ಮೂಲನಿವಾಸಿಗಳ ಪರ ತೀರ್ಪು ನೀಡಿತು. 2008ರಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ ಅದನ್ನು ಬದಲಿಸಿತು. ಅದರ ತರ್ಕ ಹೀಗಿತ್ತು: ಬೆಟ್ಟಕ್ಕೆ ಹೋಗುವುದನ್ನು ಯಾರೂ ತಡೆದಿಲ್ಲ, ಆಚರಣೆ ಬಿಡಿ ಎಂದು ಯಾರೂ ಬಲವಂತ ಮಾಡಿಲ್ಲ, ಕುಂದಿರುವುದು ಭಕ್ತರ ಮನಸ್ಸಿನ ತೃಪ್ತಿ ಮಾತ್ರ, ಕಾನೂನು ಹೇಳುವ 'ಗಣನೀಯ ಹೊರೆ' ಎಂದರೆ ಇದಲ್ಲ. ಭಿನ್ನಮತ ಬರೆದ ನ್ಯಾಯಾಧೀಶರು ಒಪ್ಪಲಿಲ್ಲ. ಧರ್ಮವೆಂಬುದು ಇರುವುದೇ ಮನಸ್ಸಿನ ಅನುಭವದಲ್ಲಿ ಅಲ್ಲವೇ ಎಂಬುದು ಅವರ ವಾದದ ಸಾರ. ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. 2012ರ ಚಳಿಗಾಲದಲ್ಲಿ ಯಂತ್ರಗಳು ಕೆಲಸ ಶುರುಮಾಡಿದವು. ಹೋಪಿಗಳು ರಾಜ್ಯದ ನ್ಯಾಯಾಲಯಗಳಲ್ಲಿ ಇನ್ನೊಂದು ದಾರಿ ಹಿಡಿದರು. ಕಲುಷಿತ ನೀರು ಎಲ್ಲರಿಗೂ ಸೇರಿದ ಜಾಗವನ್ನು ಕೆಡಿಸುತ್ತದೆ, ಅದರಿಂದ ತಮಗೆ ಉಳಿದವರಿಗಿಂತ ಬೇರೆಯದೇ ಆದ ನಷ್ಟವಾಗುತ್ತದೆ ಎಂದು ವಾದಿಸಿದರು. 2018ರಲ್ಲಿ ಅರಿಝೋನಾದ ಸರ್ವೋಚ್ಚ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಧಾರ್ಮಿಕ ಕಾರಣದ ನಷ್ಟವನ್ನು ಕಾನೂನು ಆ ರೀತಿಯ ವಿಶೇಷ ನಷ್ಟವೆಂದು ಎಣಿಸುವುದಿಲ್ಲ ಎಂದಿತು.

ಮೊಕದ್ದಮೆಗಳು ಸೋತರೂ ಹೋಪಿಗಳು ಬೆಟ್ಟಕ್ಕೆ ಹೋಗುವುದನ್ನು ನಿಲ್ಲಿಸಿಲ್ಲ. ಅಲ್ಲಿನ ಪುಟ್ಟ ಅರ್ಪಣಾ ಸ್ಥಳಗಳಲ್ಲಿ ಪಾಹೋ ಇಟ್ಟು, ನೃತ್ಯಗಳಿಗೆ ಬೇಕಾದ ಹಸಿರು ಕೊಂಬೆಗಳನ್ನು ಕೇಳಿ ಪಡೆದು ಮೇಸಾಗಳಿಗೆ ಮರಳುತ್ತಾರೆ.